ಬೆಳೆದ ಪ್ರಾಸ್ಟೇಟ್‌ಗೆ ಕಡಿಮೆ ಗಾಯದ ಚಿಕಿತ್ಸೆ: ಬೆಂಗಳೂರು ದಂಡು ಮತ್ತು ಪೂರ್ವ ಬಡಾವಣೆಗಳು

ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ನಿಧಾನವಾಗಿ ಬೆಳೆದು ಮೂತ್ರದ ದಾರಿಯನ್ನು ಒತ್ತುವ ಸ್ಥಿತಿಗೆ ಬಿಪಿಎಚ್ ಎಂದು ಹೆಸರು. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ಮಾರ್ಪಡುವುದೂ ಇಲ್ಲ. ಆದರೆ ಅದೇ ಗ್ರಂಥಿಯ ಇನ್ನೊಂದು ಭಾಗದಲ್ಲಿ ಕ್ಯಾನ್ಸರ್ ಬೇರೆಯಾಗಿ ಹುಟ್ಟಬಹುದು. ಹೊಟ್ಟೆ ಕೊಯ್ಯದೆ, ಮೂತ್ರದ ದಾರಿಯಿಂದಲೋ ರಕ್ತನಾಳದೊಳಗಿಂದಲೋ ಹೋಗಿ ಈ ಅಡಚಣೆಯನ್ನು ಬಿಡಿಸುವ ವಿಧಾನಗಳನ್ನು ಕಡಿಮೆ ಗಾಯದ ಚಿಕಿತ್ಸೆ ಎನ್ನುತ್ತಾರೆ. ಅವುಗಳಲ್ಲಿ ಕೆಲವು ತಡೆಯೊಡ್ಡುವ ಮಾಂಸವನ್ನು ತೆಗೆದುಹಾಕುತ್ತವೆ. ಕೆಲವು ಅದನ್ನು ಅಲ್ಲೇ ಬಿಟ್ಟು ಬದಿಗೆ ಸರಿಸುತ್ತವೆ ಅಥವಾ ಕುಗ್ಗಿಸುತ್ತವೆ. ತೆಗೆದಷ್ಟೂ ಪರಿಣಾಮ ಬಹುಕಾಲ ನಿಲ್ಲುತ್ತದೆ. ಬಿಟ್ಟಷ್ಟೂ ದೇಹಕ್ಕೆ ಪೆಟ್ಟು ಕಡಿಮೆ, ಕಾಯಿಲೆ ಮರಳುವ ಸಂಭವ ಹೆಚ್ಚು. ಆಸ್ಪತ್ರೆಗಳ ಫಲಕಗಳಲ್ಲಿ ಕಾಣುವ ಹಲವು ಹೆಸರುಗಳ ನಡುವಿನ ವ್ಯತ್ಯಾಸ ಬಹುಮಟ್ಟಿಗೆ ಈ ಒಂದು ಲೆಕ್ಕದೊಳಗೇ ಇದೆ.

ಬೆಂಗಳೂರಿನ ದಂಡು ಪ್ರದೇಶಕ್ಕೂ ಅದರ ಪೂರ್ವದ ಬಡಾವಣೆಗಳಿಗೂ ಈ ವಿಷಯ ಹತ್ತಿರದ್ದು. 1809ರಲ್ಲಿ ಬ್ರಿಟಿಷರು ನೆಲೆಗೊಳಿಸಿದ ದಂಡು, 1881ರ ಬಳಿಕ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಮೈಸೂರು ಸಂಸ್ಥಾನದ ಆಡಳಿತದ ಹೊರಗಿತ್ತು. 1949ರಲ್ಲಿ ಪೇಟೆಯೊಂದಿಗೆ ಸೇರಿ ಒಂದೇ ನಗರಪಾಲಿಕೆ ಆಯಿತು. ಅಷ್ಟರಲ್ಲಿ ಪೂರ್ವದಲ್ಲಿ ಕಾರ್ಖಾನೆಗಳು ಬರತೊಡಗಿದ್ದವು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಕೆ.ಆರ್. ಪುರದ ಬಳಿ ದೂರವಾಣಿನಗರದ ಐಟಿಐ, ಮುಂದೆ ಬೈಯಪ್ಪನಹಳ್ಳಿಯ ಎನ್‌ಜಿಇಎಫ್. ಆ ಕಾರ್ಖಾನೆಗಳಲ್ಲಿ ದುಡಿದು ಇಲ್ಲೇ ಮನೆ ಕಟ್ಟಿಕೊಂಡವರು, ಸೇನೆಯಿಂದ ನಿವೃತ್ತರಾಗಿ ಹಲಸೂರು, ಇಂದಿರಾನಗರ, ದೊಮ್ಮಲೂರುಗಳಲ್ಲಿ ನೆಲೆಸಿದವರು, ಶಿವಾಜಿನಗರದ ಹಳೆಯ ವ್ಯಾಪಾರಿ ಮನೆತನಗಳ ಹಿರಿಯರು ಈಗ ಪ್ರಾಸ್ಟೇಟ್ ತೊಂದರೆಯ ವಯಸ್ಸಿನಲ್ಲಿದ್ದಾರೆ.

ಗ್ರಂಥಿ ಮತ್ತು ಲಕ್ಷಣಗಳು

ಪ್ರಾಸ್ಟೇಟ್ ಮೂತ್ರಕೋಶದ ಬುಡದಲ್ಲಿ, ಮೂತ್ರ ಹೊರಬರುವ ನಾಳವನ್ನು ಸುತ್ತುವರಿದು ಕೂತಿರುವ ಗ್ರಂಥಿ. ಯೌವನದಲ್ಲಿ ಇದು ದೊಡ್ಡ ನೆಲ್ಲಿಕಾಯಿಯಷ್ಟು, ಸುಮಾರು 20 ಗ್ರಾಂ. ವೀರ್ಯದ ದ್ರವದಲ್ಲಿ ಒಂದು ಪಾಲು ಇಲ್ಲಿಂದ ಬರುತ್ತದೆ. ಗ್ರಂಥಿಯನ್ನು ವಲಯಗಳಾಗಿ ಗುರುತಿಸಿ ತೋರಿಸಿದವರು ಅಮೆರಿಕದ ರೋಗಶಾಸ್ತ್ರಜ್ಞ ಜಾನ್ ಮೆಕ್‌ನೀಲ್. ನಾಳದ ಪಕ್ಕದಲ್ಲೇ ಇರುವ ಒಳವಲಯ ಯುವಕರಲ್ಲಿ ಇಡೀ ಗ್ರಂಥಿಯ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ. ವಯಸ್ಸಾದಾಗ ಗಂಟುಗಂಟಾಗಿ ಬೆಳೆಯುವುದು ಇದೇ ಭಾಗ. ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಹೊರವಲಯದಲ್ಲಿ. ಈ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ನೆನಪಿಟ್ಟುಕೊಂಡರೆ ಮುಂದಿನ ಬಹಳಷ್ಟು ಗೊಂದಲ ತಪ್ಪುತ್ತದೆ.

ಬೆಳವಣಿಗೆಗೆ ಬೇಕಾದದ್ದು ಎರಡೇ: ವಯಸ್ಸು ಮತ್ತು ಪುರುಷ ಹಾರ್ಮೋನು. ಟೆಸ್ಟೊಸ್ಟಿರೋನ್ ಗ್ರಂಥಿಯೊಳಗೆ ಡಿಎಚ್‌ಟಿ ಎಂಬ ಹೆಚ್ಚು ಬಲದ ರೂಪಕ್ಕೆ ತಿರುಗುತ್ತದೆ. ಹೀಗೆ ತಿರುಗಿಸುವ ಕಿಣ್ವ ಹುಟ್ಟಿನಿಂದಲೇ ಇಲ್ಲದ ಕೆಲವು ಗಂಡಸರು ಡೊಮಿನಿಕನ್ ಗಣರಾಜ್ಯದ ಹಳ್ಳಿಗಳಲ್ಲಿದ್ದಾರೆಂದೂ ಅವರ ಪ್ರಾಸ್ಟೇಟ್ ಬೆಳೆಯದೆ ಚಿಕ್ಕದಾಗಿಯೇ ಉಳಿಯುತ್ತದೆಂದೂ ಜೂಲಿಯಾನ್ ಇಂಪೆರಾಟೊ ಮೆಕ್‌ಗಿನ್ಲಿ ಮತ್ತು ಸಂಗಡಿಗರು 1974ರಿಂದ ಪ್ರಕಟಿಸಿದ ಅಧ್ಯಯನಗಳಿಂದ ತಿಳಿಯಿತು. ಆ ಕಿಣ್ವವನ್ನು ತಡೆಯುವ ಫಿನಾಸ್ಟರೈಡ್ ಮಾತ್ರೆ 1992ರಲ್ಲಿ ಬಂದದ್ದು ಈ ಜಾಡಿನಲ್ಲೇ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಐವತ್ತು ದಾಟಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೂ ಎಂಬತ್ತು ದಾಟಿದವರಲ್ಲಿ ಹೆಚ್ಚು ಕಡಿಮೆ ಎಲ್ಲರಿಗೂ ಈ ಬೆಳವಣಿಗೆ ಇರುತ್ತದೆ. ಎಲ್ಲರಿಗೂ ತೊಂದರೆ ಆಗುವುದಿಲ್ಲ. ಗ್ರಂಥಿ ದೊಡ್ಡದಿದ್ದೂ ಆರಾಮವಾಗಿರುವವರಿದ್ದಾರೆ, ಚಿಕ್ಕದಿದ್ದೂ ಮೂತ್ರ ಕಟ್ಟಿಕೊಂಡು ಆಸ್ಪತ್ರೆಗೆ ಓಡುವವರಿದ್ದಾರೆ. ಬೆಳೆದದ್ದು ಎತ್ತ ಚಾಚಿದೆ ಎಂಬುದು ಮುಖ್ಯ. ಮಧ್ಯದ ಭಾಗ ಮೂತ್ರಕೋಶದೊಳಕ್ಕೆ ಚಾಚಿಕೊಂಡರೆ ಬಾಗಿಲಿಗೆ ಅಡ್ಡ ಬಿದ್ದ ಹಾಗಾಗುತ್ತದೆ.

ಧಾರೆ ಸಣ್ಣದಾಗುವುದು, ಶುರುವಾಗಲು ಕಾಯಬೇಕಾಗುವುದು, ಮಧ್ಯೆ ನಿಂತು ನಿಂತು ಬರುವುದು, ಮುಗಿದ ಮೇಲೂ ತೊಟ್ಟಿಕ್ಕುವುದು ಅಡಚಣೆಯ ಲಕ್ಷಣಗಳು. ರಾತ್ರಿ ಪದೇ ಪದೇ ಏಳುವುದು, ಅವಸರವಾದರೆ ತಡೆಯಲಾಗದಿರುವುದು ಮೂತ್ರಕೋಶ ದಣಿದು ಸಿಡುಕುವುದರ ಲಕ್ಷಣಗಳು. ಟಿನ್ ಫ್ಯಾಕ್ಟರಿಯಿಂದ ಕೆ.ಆರ್. ಪುರದ ತೂಗುಸೇತುವೆಯವರೆಗೆ ವಾಹನಗಳು ಕದಲದೆ ನಿಂತಾಗ ಬಸ್ಸಿನಲ್ಲಿ ಕೂತ ಹಿರಿಯರಿಗೆ ಈ ಎರಡನೆಯ ಬಗೆಯದ್ದು ನಿಜವಾದ ಸಂಕಟ. ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವಿನ ಮೆಟ್ರೊ 2023ರ ಅಕ್ಟೋಬರ್‌ನಲ್ಲಿ ಓಡತೊಡಗಿದ್ದು ಇಂಥವರಿಗೆ ಎಷ್ಟು ಉಪಕಾರವಾಯಿತೆಂದು ಯಾವ ಸಾರಿಗೆ ವರದಿಯಲ್ಲೂ ಬರುವುದಿಲ್ಲ. ತೊಟ್ಟಿಕ್ಕುವಿಕೆ ಧಾರ್ಮಿಕ ಬದುಕನ್ನೂ ಮುಟ್ಟುತ್ತದೆ. ಶಿವಾಜಿನಗರದ ಮಸೀದಿಗಳಿಗೆ ಹೋಗುವ ಹಿರಿಯರಿಗೆ ವುಜೂ, ಅಂದರೆ ನಮಾಜಿಗೆ ಮುಂಚಿನ ಅಂಗಶುದ್ಧಿ, ಮುರಿಯಿತೇ ಎಂಬ ಚಿಂತೆ, ಹಲಸೂರಿನ ಸೋಮೇಶ್ವರ ದೇವಸ್ಥಾನಕ್ಕೆ ಹೋಗುವವರಿಗೆ ಮಡಿಯ ಚಿಂತೆ. ತಡೆಯಲಾಗದೆ ಸದಾ ತೊಟ್ಟಿಕ್ಕುವವರು ಪ್ರತಿ ನಮಾಜಿನ ವೇಳೆಗೆ ಹೊಸದಾಗಿ ವುಜೂ ಮಾಡಿದರೆ ಸಾಕೆಂಬ ರಿಯಾಯಿತಿ ಇಸ್ಲಾಮೀ ಧರ್ಮಶಾಸ್ತ್ರದಲ್ಲಿದೆ. ಆದರೂ ಮುಜುಗರಕ್ಕೆ ಮಸೀದಿಗೆ ಹೋಗುವುದನ್ನೇ ಬಿಡುವವರು ಉಂಟು. ಹಿರಿಯರು ವೈದ್ಯರ ಬಳಿ ಈ ಮಾತು ಎತ್ತುವುದು ಕಡಿಮೆ. ಎತ್ತಿದರೆ ಚಿಕಿತ್ಸೆಯ ಆಯ್ಕೆಗೆ ಅದು ಒಳ್ಳೆಯ ಸುಳಿವು.

ಹಳೆಯ ವೈದ್ಯಗ್ರಂಥಕ್ಕೂ ಈ ತೊಂದರೆ ಗೊತ್ತಿತ್ತು: ಸುಶ್ರುತ ಸಂಹಿತೆಯ ಉತ್ತರತಂತ್ರ ಮೂತ್ರಾಘಾತದ, ಅಂದರೆ ಮೂತ್ರದ ತಡೆಯ, ಹನ್ನೆರಡು ಬಗೆಗಳನ್ನು ಹೇಳುತ್ತದೆ. ಅದರಲ್ಲಿ ವಾತಾಷ್ಠೀಲ ಎಂಬುದು ಗುದಕ್ಕೂ ಮೂತ್ರಕೋಶಕ್ಕೂ ನಡುವೆ ಗಟ್ಟಿ ಗಂಟು ಬೆಳೆದು ಮೂತ್ರವನ್ನು ತಡೆಯುವ ಸ್ಥಿತಿ. ಇಂದಿನ ಆಯುರ್ವೇದ ವೈದ್ಯರು ಬಿಪಿಎಚ್ ಅನ್ನು ಇದರೊಂದಿಗೆ ಹೊಂದಿಸಿ ನೋಡುತ್ತಾರೆ.

ಪರೀಕ್ಷೆಗಳು ಮತ್ತು ಮಾತ್ರೆಗಳು

ರೋಗಿಗೆ ಎಷ್ಟು ತೊಂದರೆ ಎಂದು ಅಳೆಯಲು ಏಳು ಪ್ರಶ್ನೆಗಳ ಅಂಕಪಟ್ಟಿಯೊಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಒಟ್ಟು 35 ಅಂಕ. 7ರವರೆಗೆ ಸೌಮ್ಯ, 8ರಿಂದ 19 ಮಧ್ಯಮ, ಅದಕ್ಕೂ ಮೇಲೆ ತೀವ್ರ. ಬೆರಳು ಹಾಕಿ ನೋಡುವ ಪರೀಕ್ಷೆ, ಮೂತ್ರ ಪರೀಕ್ಷೆ, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಉಳಿದವು. ಯಂತ್ರದೊಳಕ್ಕೆ ಮೂತ್ರ ಮಾಡಿಸಿ ಧಾರೆಯ ವೇಗ ನೋಡುತ್ತಾರೆ. ಸೆಕೆಂಡಿಗೆ 15 ಮಿಲಿಲೀಟರಿಗಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಸರಿ, 10ಕ್ಕಿಂತ ಕಡಿಮೆಯಾದರೆ ಅಡಚಣೆಯ ಶಂಕೆ. ಆದರೆ ಧಾರೆ ಸಣ್ಣದಾಗಲು ಬಾಗಿಲು ಮುಚ್ಚಿರುವುದೂ ಕಾರಣ, ತಳ್ಳುವ ಮೂತ್ರಕೋಶವೇ ಸೋತಿರುವುದೂ ಕಾರಣ. ಬಹಳ ಕಾಲ ಸಕ್ಕರೆ ಕಾಯಿಲೆ ಇದ್ದವರಲ್ಲಿ ಎರಡನೆಯದು ಹೆಚ್ಚು. ಅಂಥವರಿಗೆ ಎಂಥ ದುಬಾರಿ ಲೇಸರ್ ಮಾಡಿದರೂ ಫಲ ಅರ್ಧ. ಹಾಗಾಗಿ ಅನುಮಾನವಿದ್ದಾಗ ಮೂತ್ರಕೋಶದ ಒತ್ತಡವನ್ನೇ ಅಳೆಯುವ ಯುರೊಡೈನಾಮಿಕ್ಸ್ ಪರೀಕ್ಷೆಯನ್ನು ಮೊದಲೇ ಮಾಡಿಸುವುದು ಸರಿ; ಆತುರದಲ್ಲಿ ಬಿಟ್ಟುಹೋಗುವ ಪರೀಕ್ಷೆಯೂ ಇದೇ.

ಪಿಎಸ್‌ಎ ರಕ್ತಪರೀಕ್ಷೆ ಕ್ಯಾನ್ಸರ್ ಇದೆಯೆಂದು ಹೇಳುವುದಿಲ್ಲ, ಇನ್ನಷ್ಟು ಹುಡುಕಬೇಕೆ ಎಂದು ಹೇಳುತ್ತದೆ. ಗ್ರಂಥಿ ಬೆಳೆದಿದ್ದರೂ, ಸೋಂಕಾಗಿದ್ದರೂ, ಮೂತ್ರ ತೆಗೆಯಲು ಹೊಸದಾಗಿ ಟ್ಯೂಬ್ ಹಾಕಿದ್ದರೂ ಅದರ ಅಂಕಿ ಏರುತ್ತದೆ. ಫಿನಾಸ್ಟರೈಡ್ ಅಥವಾ ಅದೇ ಗುಂಪಿನ ಡ್ಯುಟಾಸ್ಟರೈಡ್ ಆರು ತಿಂಗಳಿಗೂ ಹೆಚ್ಚು ತೆಗೆದುಕೊಳ್ಳುವವರಲ್ಲಿ ಅಂಕಿ ಅರ್ಧಕ್ಕೆ ಇಳಿಯುವುದರಿಂದ ಎರಡರಿಂದ ಗುಣಿಸಿ ಓದಬೇಕು.

ಮೊದಲ ಚಿಕಿತ್ಸೆ ಮಾತ್ರೆಯೇ. ಟ್ಯಾಮ್ಸುಲೋಸಿನ್, ಆಲ್ಫುಜೋಸಿನ್, ಸಿಲೋಡೋಸಿನ್ ಗುಂಪಿನವು ಮೂತ್ರಕೋಶದ ಕತ್ತಿನ ಸ್ನಾಯುವನ್ನು ಸಡಿಲಿಸುತ್ತವೆ. ದಿನಗಳಲ್ಲೇ ಗುಣ ಕಾಣುತ್ತದೆ, ಗ್ರಂಥಿ ಮಾತ್ರ ಕುಗ್ಗುವುದಿಲ್ಲ. ಇವನ್ನು ನುಂಗುವವರು ಕಣ್ಣಿನ ಪೊರೆ ಆಪರೇಷನ್‌ಗೆ ಮುಂಚೆ ಕಣ್ಣಿನ ವೈದ್ಯರಿಗೆ ಹೇಳಲೇಬೇಕು, ಏಕೆಂದರೆ ಆಪರೇಷನ್ ನಡೆವಾಗ ಕಣ್ಣಿನ ಪಾಪೆಯ ಪರದೆ ಸಡಿಲವಾಗಿ ತೊಂದರೆ ಕೊಡುತ್ತದೆ. ಫಿನಾಸ್ಟರೈಡ್ ಗುಂಪಿನವು ಆರು ತಿಂಗಳಿಂದ ಒಂದು ವರ್ಷದಲ್ಲಿ ಗ್ರಂಥಿಯನ್ನು ಐದರಲ್ಲಿ ಒಂದು ಪಾಲಿನಷ್ಟು ಕುಗ್ಗಿಸುತ್ತವೆ. ಮೂರು ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಎಂಟಾಪ್ಸ್ ಅಧ್ಯಯನದಲ್ಲಿ ಎರಡೂ ಬಗೆಯ ಮಾತ್ರೆಗಳನ್ನು ಜೊತೆಯಾಗಿ ತೆಗೆದುಕೊಂಡವರಲ್ಲಿ ಕಾಯಿಲೆ ಮುಂದುವರಿಯುವ ಸಂಭವ ಮೂರರಲ್ಲಿ ಎರಡು ಪಾಲು ಕಡಿಮೆಯಾಯಿತು. ಮೆಡಿಕಲ್ ಶಾಪುಗಳಲ್ಲಿ ಚೀಟಿಯಿಲ್ಲದೆ ಸಿಗುವ ಸಾ ಪಾಲ್ಮೆಟೊ ಗುಳಿಗೆಯನ್ನು 2006ರಲ್ಲಿ ಪ್ರಕಟವಾದ ಒಂದು ಎಚ್ಚರಿಕೆಯ ಪರೀಕ್ಷೆಯಲ್ಲಿ ಹುಸಿಗುಳಿಗೆಯೊಂದಿಗೆ ಹೋಲಿಸಿದಾಗ ವ್ಯತ್ಯಾಸ ಕಾಣಲಿಲ್ಲ. ಅದೇ ಅಂಗಡಿಯಲ್ಲಿ ನೆಗಡಿಗೆಂದು ಕೊಡುವ ಕೆಲವು ಮಾತ್ರೆ, ಸಿರಪ್ಪುಗಳು ಇನ್ನೂ ಅಪಾಯದವು: ಮೂಗು ಕಟ್ಟಿದ್ದನ್ನು ಬಿಡಿಸುವ ಔಷಧ ಮೂತ್ರಕೋಶದ ಕತ್ತನ್ನು ಬಿಗಿಯುತ್ತದೆ. ಮಳೆಗಾಲದ ನೆಗಡಿಗೆ ಮಾತ್ರೆ ನುಂಗಿ ಮರುದಿನ ಮೂತ್ರ ಪೂರ್ತಿ ಕಟ್ಟಿಕೊಂಡು ಬರುವ ವೃದ್ಧರು ತುರ್ತು ವಿಭಾಗಗಳಿಗೆ ಹೊಸಬರಲ್ಲ.

ಮಾತ್ರೆಯಲ್ಲಿ ನಿಲ್ಲಿಸಬಾರದ ಸಂದರ್ಭಗಳು ಸ್ಪಷ್ಟ. ಟ್ಯೂಬ್ ತೆಗೆದ ಮೇಲೂ ಮೂತ್ರ ಬಾರದಿರುವುದು, ಮತ್ತೆ ಮತ್ತೆ ಸೋಂಕು ಅಥವಾ ರಕ್ತ, ಮೂತ್ರಕೋಶದಲ್ಲಿ ಕಲ್ಲು, ಹಿಂದೊತ್ತಡದಿಂದ ಕಿಡ್ನಿ ಊದಿ ಕ್ರಿಯಾಟಿನಿನ್ ಏರಿರುವುದು. ಕೊನೆಯದು ನೋವಿಲ್ಲದೆ ಬರುತ್ತದೆ. ವಯಸ್ಸಾಯಿತು, ಹೀಗೇ ಎಂದು ವರ್ಷಗಟ್ಟಲೆ ಸುಮ್ಮನಿದ್ದವರು ಒಂದು ದಿನ ಕಾಲು ಊದಿ, ಊಟ ಸೇರದೆ ಬಂದಾಗ ಕಿಡ್ನಿ ಆಗಲೇ ಕೆಟ್ಟಿರುತ್ತದೆ.

ಬೆರಳಿನಿಂದ ನಳಿಕೆಗೆ

ಕಡಿಮೆ ಗಾಯ ಎಂದರೇನೆಂದು ತಿಳಿಯಲು ದೊಡ್ಡ ಗಾಯದ ಕಾಲವನ್ನು ನೋಡಬೇಕು. ಐರ್ಲೆಂಡಿನ ಪೀಟರ್ ಫ್ರೇಯರ್ ಎಂಬ ಶಸ್ತ್ರವೈದ್ಯ 1875ರಿಂದ 1896ರವರೆಗೆ ಇಂಡಿಯನ್ ಮೆಡಿಕಲ್ ಸರ್ವಿಸ್‌ನಲ್ಲಿದ್ದು ಉತ್ತರ ಭಾರತದಲ್ಲಿ ಮೂತ್ರಕೋಶದ ಕಲ್ಲುಗಳನ್ನು ಒಳಗೇ ಪುಡಿಮಾಡಿ ತೆಗೆಯುವುದರಲ್ಲಿ ಹೆಸರಾಗಿದ್ದ. ರಾಂಪುರದ ನವಾಬನೂ ಅವನ ರೋಗಿಯಾಗಿದ್ದ. ಭಾರತದಿಂದ ಮರಳಿದ ಮೇಲೆ 1900ರಲ್ಲಿ ಲಂಡನ್ನಿನ ಸೇಂಟ್ ಪೀಟರ್ಸ್ ಆಸ್ಪತ್ರೆಯಲ್ಲಿ ಕೆಳಹೊಟ್ಟೆ ಕೊಯ್ದು, ಮೂತ್ರಕೋಶ ತೆರೆದು, ಬೆರಳಿನಿಂದಲೇ ಬೆಳೆದ ಪ್ರಾಸ್ಟೇಟ್ ಬಿಡಿಸಿ ತೆಗೆದ. ನ್ಯೂಯಾರ್ಕಿನ ಯೂಜೀನ್ ಫುಲರ್ ಅದನ್ನು 1894ರಲ್ಲೇ ಮಾಡಿದ್ದರಿಂದ ಯಾರು ಮೊದಲು ಎಂದು ಜಗಳವೂ ನಡೆಯಿತು. ಇಡೀ ಪ್ರಾಸ್ಟೇಟನ್ನೇ ತೆಗೆದೆನೆಂದು ಫ್ರೇಯರ್ ನಂಬಿದ್ದ. ನಿಜವಾಗಿ ಅವನ ಬೆರಳು ಹೋಗಿದ್ದು ಒಳಗೆ ಬೆಳೆದ ಗಂಟಿಗೂ ಹೊರವಲಯಕ್ಕೂ ನಡುವಿನ ಸಂದಿಯಲ್ಲಿ. ಆ ಸಂದಿ ನೆನಪಿರಲಿ, ಲೇಸರ್ ಬಂದಾಗ ಮತ್ತೆ ಅದೇ ದಾರಿ ಸಿಗುತ್ತದೆ. 1945ರಲ್ಲಿ ಟೆರೆನ್ಸ್ ಮಿಲಿನ್ ಮೂತ್ರಕೋಶವನ್ನು ಕೊಯ್ಯದೆ ನೇರವಾಗಿ ಗ್ರಂಥಿಯ ಹೊದಿಕೆಯ ಮೂಲಕ ತೆಗೆಯುವ ಕ್ರಮವನ್ನು ಪ್ರಕಟಿಸಿದ.

ಒಳದಾರಿಯ ಕಥೆ ಬೇರೆ ಕಡೆ ಶುರುವಾಗುತ್ತದೆ. ಜರ್ಮನಿಯ ಮ್ಯಾಕ್ಸ್ ನಿಟ್ಸ 1870ರ ದಶಕದ ಕೊನೆಗೆ ದೀಪ ಕಟ್ಟಿದ ನಳಿಕೆಯಿಂದ ಮೂತ್ರಕೋಶದೊಳಗೆ ನೋಡುವ ಉಪಕರಣ ಮಾಡಿದ. 1909ರಲ್ಲಿ ಅಮೆರಿಕದ ಹ್ಯೂ ಹ್ಯಾಂಪ್ಟನ್ ಯಂಗ್ ನಳಿಕೆಯ ಮೂಲಕ ಅಡಚಣೆಯ ಮಾಂಸವನ್ನು ಕುಯ್ದು ತೆಗೆಯತೊಡಗಿದ. ಹೀಗೆ ಗುಣ ಕಂಡ ‘ಡೈಮಂಡ್ ಜಿಮ್’ ಬ್ರೇಡಿ ಎಂಬ ಧನಿಕ ಕೊಟ್ಟ ಹಣದಿಂದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಯುರಾಲಜಿ ಸಂಸ್ಥೆಯೇ ಎದ್ದಿತು. 1926ರಲ್ಲಿ ಮ್ಯಾಕ್ಸಿಮಿಲಿಯನ್ ಸ್ಟರ್ನ್, ಐದು ವರ್ಷದ ನಂತರ ಜೋಸೆಫ್ ಮೆಕಾರ್ಥಿ, ವಿದ್ಯುತ್ ಹರಿಯುವ ತಂತಿಯ ಕುಣಿಕೆಯಿಂದ ಸೀಳು ಸೀಳಾಗಿ ಕತ್ತರಿಸುವ ರಿಸೆಕ್ಟೊಸ್ಕೋಪ್ ರೂಪಿಸಿದರು. ಹೀಗೆ ಕತ್ತರಿಸುವುದಕ್ಕೇ ಇಂದಿಗೂ ಟಿಯುಆರ್‌ಪಿ ಎಂದು ಹೆಸರು. ಬ್ರಿಟನ್ನಿನ ಹೆರಾಲ್ಡ್ ಹಾಪ್ಕಿನ್ಸ್ ಗಾಜಿನ ಸರಳುಗಳ ಮಸೂರ ವ್ಯವಸ್ಥೆ ಕೊಟ್ಟ ಮೇಲೆ ಒಳಗಿನದೆಲ್ಲ ನಿಚ್ಚಳವಾಗಿ ಕಾಣುವಂತಾಗಿ, ಇದು ಎಲ್ಲೆಡೆ ಮಾದರಿ ಚಿಕಿತ್ಸೆಯಾಯಿತು.

ಟಿಯುಆರ್‌ಪಿಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ಹೊರಗೆ ಗಾಯದ ಗುರುತಿಲ್ಲ. ಸುಮಾರು ಒಂದು ಗಂಟೆಯ ಕೆಲಸ. ಗ್ರಂಥಿ 30ರಿಂದ 80 ಮಿಲಿಲೀಟರ್ ಗಾತ್ರದಲ್ಲಿದ್ದರೆ ಚೆನ್ನಾಗಿ ಒಗ್ಗುತ್ತದೆ. ಹಳೆಯ ಕ್ರಮದಲ್ಲಿ ಗ್ಲೈಸಿನ್ ನೀರು ಹರಿಸಬೇಕಿತ್ತು. ಹೆಚ್ಚು ಹೊತ್ತು ಹಿಡಿದರೆ ಆ ನೀರು ರಕ್ತ ಸೇರಿ ಸೋಡಿಯಂ ಇಳಿದು ಗೊಂದಲ, ವಾಂತಿ, ಅಪಸ್ಮಾರದವರೆಗೂ ಹೋಗುತ್ತಿತ್ತು. ಬೈಪೋಲಾರ್ ತಂತಿ ಬಂದ ಮೇಲೆ ಸಲೈನ್‌ನಲ್ಲೇ ಕತ್ತರಿಸಬಹುದಾದ್ದರಿಂದ ಆ ಭಯ ಹೆಚ್ಚುಕಡಿಮೆ ಹೋಗಿದೆ. ಉಳಿದಿರುವ ಬೆಲೆ ಮತ್ತೊಂದು: ಹತ್ತರಲ್ಲಿ ಆರೇಳು ಮಂದಿಗೆ ವೀರ್ಯ ಮುಂದೆ ಬರದೆ ಮೂತ್ರಕೋಶಕ್ಕೆ ಹಿಂದಿರುಗುತ್ತದೆ. ಸುಖಕ್ಕೂ ಶಕ್ತಿಗೂ ಇದರಿಂದ ಸಾಮಾನ್ಯವಾಗಿ ಧಕ್ಕೆಯಿಲ್ಲ, ಆದರೆ ಮೊದಲೇ ಹೇಳದಿದ್ದರೆ ಗಾಬರಿ ಆಗುತ್ತದೆ. ಮಗ ಸೊಸೆ ಜೊತೆಗೆ ಕೂತ ಕೋಣೆಯಲ್ಲಿ ಅರವತ್ತೈದರ ತಂದೆ ಇದನ್ನು ಕೇಳುವುದಿಲ್ಲ. ವೈದ್ಯರೇ ಮನೆಯವರನ್ನು ಐದು ನಿಮಿಷ ಹೊರಗೆ ಕಳಿಸಿ ಹೇಳಬೇಕು.

ಲೇಸರ್ ವಿಧಾನಗಳು

ಲೇಸರ್ ಎಂದರೆ ಒಂದೇ ಎಂಬ ಭಾವನೆ ತಪ್ಪು. ಹಸಿರು ಬೆಳಕಿನ ಲೇಸರ್ ಮಾಂಸವನ್ನು ಆವಿಯಾಗಿಸುತ್ತದೆ. ಆ ಬೆಳಕನ್ನು ರಕ್ತದ ಹಿಮೋಗ್ಲೋಬಿನ್ ಹೀರುವುದರಿಂದ ರಕ್ತಸ್ರಾವ ಬಹಳ ಕಡಿಮೆ, ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಲಾಗದ ಹೃದ್ರೋಗಿಗಳಿಗೆ ಅನುಕೂಲ. ಆವಿಯಾದದ್ದನ್ನು ಪ್ರಯೋಗಾಲಯಕ್ಕೆ ಕಳಿಸಲಾಗದು ಎಂಬುದು ಇದರ ಕೊರತೆ.

ಹೋಲ್ಮಿಯಂ ಲೇಸರ್ ಬೇರೆ. ನ್ಯೂಜಿಲೆಂಡಿನ ಟೌರಂಗಾ ಊರಿನ ಪೀಟರ್ ಗಿಲ್ಲಿಂಗ್ ಮತ್ತು ಮಾರ್ಕ್ ಫ್ರಾಂಡಾರ್ಫರ್ 1990ರ ದಶಕದಲ್ಲಿ ರೂಪಿಸಿದ ಹೋಲೆಪ್ ಎಂಬ ವಿಧಾನದಲ್ಲಿ ಲೇಸರ್ ತುದಿ ಫ್ರೇಯರ್‌ನ ಬೆರಳು ಹೋದ ಅದೇ ಸಂದಿಯಲ್ಲಿ ಸಾಗಿ ಒಳಗಿನ ಗಂಟನ್ನು ಇಡಿಯಾಗಿ ಬಿಡಿಸಿ ಮೂತ್ರಕೋಶದೊಳಕ್ಕೆ ತಳ್ಳುತ್ತದೆ. ಅಲ್ಲಿ ಮಾರ್ಸೆಲೇಟರ್ ಎಂಬ ಉಪಕರಣ ಅದನ್ನು ಅರೆದು ಹೀರುತ್ತದೆ. ಈ ಬೆಳಕು ಮಾಂಸದೊಳಕ್ಕೆ ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ ಆಳಕ್ಕೆ ಹೋಗುವುದರಿಂದ ಸುತ್ತಲಿಗೆ ಹಾನಿ ಕಡಿಮೆ. ಗ್ರಂಥಿ 100 ಗ್ರಾಂ ಇರಲಿ, 200 ಇರಲಿ, ಮಾಡಬಹುದು. ಹೊಟ್ಟೆ ಕೊಯ್ಯುವ ಆಪರೇಷನ್ನಿನ ಅಗತ್ಯವನ್ನು ಬಹುಮಟ್ಟಿಗೆ ಇಲ್ಲವಾಗಿಸಿದ್ದು ಇದೇ. ಟ್ಯೂಬ್ ಬೇಗ ತೆಗೆಯುತ್ತಾರೆ, ರಕ್ತ ಕೊಡಬೇಕಾಗುವುದು ಅಪರೂಪ, ಗಂಟು ಮರಳುವುದೂ ಅಪರೂಪ. ಕಲಿಯುವುದು ಮಾತ್ರ ಕಷ್ಟ: ಕೈ ಪಳಗಲು ಇಪ್ಪತ್ತರಿಂದ ಐವತ್ತು ಆಪರೇಷನ್ ಬೇಕೆನ್ನುತ್ತಾರೆ. ಮೊದಲ ಕೆಲವು ವಾರ ಕೆಮ್ಮಿದಾಗ, ಎದ್ದಾಗ ಮೂತ್ರ ಸೋರುವುದುಂಟು. ವೀರ್ಯ ಹಿಂದಿರುಗುವುದು ಟಿಯುಆರ್‌ಪಿಯಷ್ಟೇ ಅಥವಾ ಅದಕ್ಕಿಂತ ಹೆಚ್ಚು. ಥೂಲಿಯಂ ಲೇಸರ್‌ನಿಂದಲೂ ಇದೇ ಕ್ರಮದಲ್ಲಿ ಮಾಡುತ್ತಾರೆ. ಕಿಡ್ನಿ ಕಲ್ಲು ಒಡೆಯಲು ತಂದ ಯಂತ್ರವೇ ಇದಕ್ಕೂ ಆಗುವುದರಿಂದ ಭಾರತದ ಖಾಸಗಿ ಆಸ್ಪತ್ರೆಗಳಲ್ಲಿ ಥೂಲಿಯಂ ಫೈಬರ್ ಲೇಸರ್ ಬೇಗ ಹರಡಿತು. ಯಾವ ಲೇಸರ್ ಎಂದು ಕೇಳುವುದಕ್ಕಿಂತ ಆ ವೈದ್ಯರು ಇಂಥವು ಎಷ್ಟು ಮಾಡಿದ್ದಾರೆಂದು ಕೇಳುವುದು ಹೆಚ್ಚು ಉಪಯುಕ್ತ.

ಕತ್ತರಿಸದ ವಿಧಾನಗಳು

ಮೈಕ್ರೊವೇವ್ ಮತ್ತು ರೇಡಿಯೊ ಅಲೆಗಳಿಂದ ಗ್ರಂಥಿಯನ್ನು ಕಾಯಿಸುವ 1990ರ ದಶಕದ ವಿಧಾನಗಳು ಹೆಚ್ಚು ಬಾಳಲಿಲ್ಲ. ಅವುಗಳ ಜಾಗದಲ್ಲಿ ಬಂದವು ಈಗಿನವು.

ಯುರೋಲಿಫ್ಟ್‌ನಲ್ಲಿ ಸಣ್ಣ ಲೋಹದ ಕೊಕ್ಕೆ ಮತ್ತು ದಾರದಿಂದ ಗ್ರಂಥಿಯ ಎರಡು ಬದಿಗಳನ್ನು ಎಳೆದು ಕಟ್ಟಿ ನಡುವೆ ದಾರಿ ಮಾಡುತ್ತಾರೆ. ಅಮೆರಿಕದ ಎಫ್‌ಡಿಎ 2013ರಲ್ಲಿ ಒಪ್ಪಿದ ಈ ವಿಧಾನದ ದೊಡ್ಡ ಗುಣವೆಂದರೆ ವೀರ್ಯಸ್ಖಲನ ಹಾಗೇ ಉಳಿಯುವುದು. 206 ಮಂದಿಯ ಅಧ್ಯಯನದಲ್ಲಿ ಐದು ವರ್ಷಗಳೊಳಗೆ ಸುಮಾರು ಏಳರಲ್ಲಿ ಒಬ್ಬರಿಗೆ ಮತ್ತೆ ಚಿಕಿತ್ಸೆ ಬೇಕಾಯಿತು. 2015ರಲ್ಲಿ ಒಪ್ಪಿಗೆ ಪಡೆದ ರೆಜೂಮ್‌ನಲ್ಲಿ ಸೂಜಿಯ ಮೂಲಕ ಪ್ರತಿ ಸಲ ಒಂಬತ್ತು ಸೆಕೆಂಡು ಬಿಸಿ ಹಬೆ ಬಿಡುತ್ತಾರೆ. ಹಬೆ ತಾಗಿದ ಜೀವಕೋಶ ಸಾಯುತ್ತದೆ, ದೇಹ ಅದನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ಹಾಗಾಗಿ ಮೊದಲ ವಾರಗಳು ಹಿಂದಿಗಿಂತಲೂ ಕಷ್ಟ, ಕೆಲವು ದಿನ ಟ್ಯೂಬ್ ಇರಬೇಕು, ಪೂರ್ತಿ ಫಲಕ್ಕೆ ಮೂರು ತಿಂಗಳು. ಐದು ವರ್ಷದಲ್ಲಿ ಮತ್ತೆ ಶಸ್ತ್ರಚಿಕಿತ್ಸೆಗೆ ಹೋದವರು 4.4% ಮಾತ್ರ ಎಂದು ಮುಖ್ಯ ಅಧ್ಯಯನ ಹೇಳಿತು. ಆದರೆ ಅದರಲ್ಲಿದ್ದವರು 30ರಿಂದ 80 ಮಿಲಿಲೀಟರ್ ಗ್ರಂಥಿಯ, ಮೂತ್ರ ಪೂರ್ತಿ ಕಟ್ಟಿಕೊಂಡಿರದ ಆಯ್ದ ರೋಗಿಗಳು. ಐದರಿಂದ ಏಳು ದಿನ ಒಳಗಿಟ್ಟು ತೆಗೆಯುವ ನಿಕ್ಕಲ್ ಟೈಟಾನಿಯಂ ತಂತಿಯ ಬುಟ್ಟಿಯೂ ಇದೆ, ಬಳಕೆ ಕಡಿಮೆ.

ಅಕ್ವಾಬ್ಲೇಷನ್ ಈ ಗುಂಪಿಗೂ ಸೇರುತ್ತದೆ, ಟಿಯುಆರ್‌ಪಿಯ ಗುಂಪಿಗೂ ಸೇರುತ್ತದೆ. ಸ್ಕ್ಯಾನಿಂಗ್ ಚಿತ್ರದ ಮೇಲೆ ವೈದ್ಯರು ಗಡಿ ಎಳೆದರೆ ರೋಬಾಟ್ ಹಿಡಿತದ ಸಲೈನ್ ಜೆಟ್ ಆ ಗಡಿಯೊಳಗಿನ ಮಾಂಸವನ್ನು ನಿಮಿಷಗಳಲ್ಲಿ ಕೊರೆದುಹಾಕುತ್ತದೆ. ಶಾಖವಿಲ್ಲದ್ದರಿಂದ ಸ್ಖಲನ ಉಳಿಯುವ ಸಾಧ್ಯತೆ ಹೆಚ್ಚು. ಶಾಖವಿಲ್ಲದ್ದರಿಂದಲೇ ರಕ್ತ ಹೆಚ್ಚು.

ಪ್ರಾಸ್ಟೇಟ್ ರಕ್ತನಾಳ ಮುಚ್ಚುವ ಚಿಕಿತ್ಸೆಯನ್ನು ಯುರಾಲಜಿಸ್ಟ್ ಮಾಡುವುದಿಲ್ಲ, ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್ ಮಾಡುತ್ತಾರೆ. ಬ್ರೆಜಿಲ್ಲಿನ ಫ್ರಾನ್ಸಿಸ್ಕೊ ಕಾರ್ನೆವಾಲೆ ತಂಡ 2008ರಲ್ಲಿ ಶುರುಮಾಡಿದ್ದು. ತೊಡೆಯ ಅಥವಾ ಮಣಿಕಟ್ಟಿನ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ, ಗ್ರಂಥಿಗೆ ಹೋಗುವ ನಾಳದಲ್ಲಿ ಸೂಕ್ಷ್ಮ ಕಣಗಳನ್ನು ಬಿಟ್ಟು ರಕ್ತ ನಿಲ್ಲಿಸುತ್ತಾರೆ. ಗ್ರಂಥಿ ತಿಂಗಳುಗಳಲ್ಲಿ ಕುಗ್ಗುತ್ತದೆ. ಅರಿವಳಿಕೆ ತಡೆಯದ, ಟ್ಯೂಬ್ ಹೊತ್ತೇ ಬದುಕುತ್ತಿರುವ ದುರ್ಬಲ ವೃದ್ಧರಿಗೆ ಒಳ್ಳೆಯ ದಾರಿ. ಬೀಡಿ ಸಿಗರೇಟು, ಸಕ್ಕರೆ ಕಾಯಿಲೆಯಿಂದ ರಕ್ತನಾಳ ಗಟ್ಟಿಯಾಗಿ ಸುತ್ತಿಕೊಂಡಿದ್ದರೆ ನಳಿಕೆ ಹೋಗುವುದೇ ಕಷ್ಟ. ಮರುಚಿಕಿತ್ಸೆಯ ಪ್ರಮಾಣವೂ ಟಿಯುಆರ್‌ಪಿಗಿಂತ ಹೆಚ್ಚು.

ಈ ವಿಧಾನಗಳಲ್ಲಿ ಅಕ್ವಾಬ್ಲೇಷನ್ ಬಿಟ್ಟು ಉಳಿದವು ತಪಾಸಣೆಗೆ ಮಾಂಸ ಕೊಡುವುದಿಲ್ಲ. ಟಿಯುಆರ್‌ಪಿ, ಹೋಲೆಪ್‌ಗಳಲ್ಲಿ ತೆಗೆದ ತುಂಡುಗಳನ್ನು ಪರೀಕ್ಷಿಸಿದಾಗ ಯಾರೂ ಶಂಕಿಸದ ಕ್ಯಾನ್ಸರ್ ಕೆಲವರಲ್ಲಿ ಸಿಗುತ್ತದೆ. ಆದ್ದರಿಂದ ಕತ್ತರಿಸದ ಚಿಕಿತ್ಸೆಗೆ ಮುಂಚೆ ಪಿಎಸ್‌ಎ, ಬೇಕಿದ್ದರೆ ಎಂಆರ್‌ಐ, ಹೆಚ್ಚು ಎಚ್ಚರಿಕೆಯಿಂದ ಆಗಬೇಕು.

ದಂಡು ಮತ್ತು ಪೂರ್ವದ ಆಸ್ಪತ್ರೆಗಳು

ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ 1860ರ ದಶಕದ್ದು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್ ಹೆಸರು ಅದಕ್ಕೆ. ಈಗ ಅದೇ ಆವರಣದಲ್ಲಿ ಅಟಲ್ ಬಿಹಾರಿ ವಾಜಪೇಯಿ ಸರ್ಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ದಂಡಿನ ಬಡವರಿಗೆ ಮೂತ್ರ ಕಟ್ಟಿಕೊಂಡ ರಾತ್ರಿ ಮೊದಲು ನೆನಪಾಗುವುದು ಇದೇ. ಇಂದಿರಾನಗರದಲ್ಲಿ ಸರ್ಕಾರದ ಸರ್ ಸಿ.ವಿ. ರಾಮನ್ ಆಸ್ಪತ್ರೆ ಮತ್ತು ಇಎಸ್‌ಐ ಆಸ್ಪತ್ರೆ ಇವೆ, ಕೆ.ಆರ್. ಪುರದಲ್ಲಿ ಸಾರ್ವಜನಿಕ ಆಸ್ಪತ್ರೆ ಇದೆ. ಹೆಚ್ಚಿನ ಚಿಕಿತ್ಸೆಗೆ ವಿಕ್ಟೋರಿಯಾ ಆವರಣದ ನೆಫ್ರೊ ಯುರಾಲಜಿ ಸಂಸ್ಥೆ ಸರ್ಕಾರಿ ವಲಯದ ವಿಶೇಷ ನೆಲೆ. ನಿವೃತ್ತ ಸೈನಿಕರು 2003ರಲ್ಲಿ ಶುರುವಾದ ಇಸಿಎಚ್‌ಎಸ್ ಯೋಜನೆಯ ಮೂಲಕ ಒಪ್ಪಂದದ ಖಾಸಗಿ ಆಸ್ಪತ್ರೆಗಳಿಗೆ ಹೋಗುತ್ತಾರೆ. ವಾಯುಪಡೆಯ ಕಮಾಂಡ್ ಆಸ್ಪತ್ರೆಯೂ ಹಲಸೂರು, ದೊಮ್ಮಲೂರುಗಳ ಹತ್ತಿರದಲ್ಲೇ ಇದೆ. ಖಾಸಗಿಯಲ್ಲಿ ಆಸ್ಟಿನ್ ಟೌನ್ ಕಡೆಯ ಸೇಂಟ್ ಫಿಲೋಮಿನಾಸ್, ರಸ್ತೆಗೇ ತನ್ನ ಹೆಸರು ಕೊಟ್ಟ ಇಂದಿರಾನಗರದ ಚಿನ್ಮಯ ಮಿಷನ್ ಆಸ್ಪತ್ರೆ, 1991ರಿಂದ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ಮಣಿಪಾಲ್ ಮುಖ್ಯವಾದವು. ಇಷ್ಟೆಲ್ಲ ಇದ್ದರೂ ದಂಡು ಅಥವಾ ಕೆ.ಆರ್. ಪುರ ನಿಲ್ದಾಣದಲ್ಲಿ ಚೆನ್ನೈ ಕಡೆಯ ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿದು ವೆಲ್ಲೂರಿನ ಸಿಎಂಸಿಯಲ್ಲಿ ಎರಡನೆಯ ಮಾತು ಕೇಳಿ ಬರುವ ಹಳೆಯ ರೂಢಿ ಈ ಭಾಗದ ಮನೆಗಳಲ್ಲಿ ಇನ್ನೂ ಇದೆ.

ಹಣದ ಲೆಕ್ಕ ಚಿಕಿತ್ಸೆಯ ಆಯ್ಕೆಯನ್ನು ಬಹಳಷ್ಟು ನಿರ್ಧರಿಸುತ್ತದೆ. 2018ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ 30%, ಮಿತಿ 1.5 ಲಕ್ಷ. ತುರ್ತಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ರೆಫರಲ್ ಪತ್ರ. ಕಾರ್ಖಾನೆಯಿಂದ ನಿವೃತ್ತರಾದ ಇಎಸ್‌ಐ ವಿಮಾದಾರರು ಐದು ವರ್ಷ ಸೇವೆಯಲ್ಲಿದ್ದರೆ ವರ್ಷಕ್ಕೆ 120 ರೂಪಾಯಿ ಕಟ್ಟಿ ತಮಗೂ ಪತ್ನಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಸಿಕೊಳ್ಳಬಹುದು. ಈ ನಿಯಮ ಗೊತ್ತಿಲ್ಲದೆ ಬಿಟ್ಟವರು ಅನೇಕ. ಖಾಸಗಿ ವಿಮೆಗಳಲ್ಲಿ ಪ್ರಾಸ್ಟೇಟ್ ತೊಂದರೆಗೆ ಸಾಮಾನ್ಯವಾಗಿ ಎರಡು ವರ್ಷದ ಕಾಯುವ ಅವಧಿ ಇರುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಗಿಡಬಾರದೆಂದು ಪಟ್ಟಿ ಮಾಡಿದ ಹನ್ನೆರಡು ಆಧುನಿಕ ಚಿಕಿತ್ಸೆಗಳಲ್ಲಿ ಹಸಿರು ಮತ್ತು ಹೋಲ್ಮಿಯಂ ಲೇಸರ್‌ನ ಪ್ರಾಸ್ಟೇಟ್ ಚಿಕಿತ್ಸೆಯೂ ಒಂದು. ಹೊರಗಿಡಬಾರದು ನಿಜ, ಆದರೆ ಒಳಮಿತಿ ಹಾಕಬಹುದು. ಯುರೋಲಿಫ್ಟ್, ರೆಜೂಮ್‌ಗಳು ಒಮ್ಮೆ ಬಳಸಿ ಬಿಸಾಡುವ ಆಮದು ಸಾಮಗ್ರಿಯವು. ಗಾಯ ಸಣ್ಣದು, ಬಿಲ್ಲು ದೊಡ್ಡದು. ಹೀಗಾಗಿ ಸರ್ಕಾರಿ ಯೋಜನೆಯಲ್ಲಿ ಬರುವ ಸಾಮಾನ್ಯ ರೋಗಿಗೆ ಇಂದಿಗೂ ಸಿಗುವುದು ಟಿಯುಆರ್‌ಪಿ. ಅದನ್ನು ಹಳೆಯದೆಂದು ಕೀಳಾಗಿ ಕಾಣಬೇಕಿಲ್ಲ. ಹೊಸ ವಿಧಾನಗಳೆಲ್ಲ ತಮ್ಮನ್ನು ಹೋಲಿಸಿಕೊಳ್ಳುವುದು ಈಗಲೂ ಇದರೊಂದಿಗೇ.

ಚಿಕಿತ್ಸೆಯ ನಂತರ

ಟಿಯುಆರ್‌ಪಿ ಅಥವಾ ಲೇಸರ್ ಆದ ಮೇಲೆ ಮೂರು ದಾರಿಯ ಟ್ಯೂಬ್ ಹಾಕಿ ಸಲೈನ್ ಹರಿಸುತ್ತಾರೆ. ಕೆಂಪಾಗಿದ್ದದ್ದು ತಿಳಿಗೆಂಪಾಗಿ, ಒಂದೆರಡು ದಿನದಲ್ಲಿ ತಿಳಿಯಾಗುತ್ತದೆ. ಮನೆಗೆ ಬಂದು ಹತ್ತು ಹದಿನಾಲ್ಕು ದಿನಕ್ಕೆ ಒಳಗಿನ ಹಕ್ಕಳೆ ಉದುರುವಾಗ ಮತ್ತೆ ರಕ್ತ ಕಾಣಬಹುದು. ನೀರು ಹೆಚ್ಚು ಕುಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ರಕ್ತ ಹೆಪ್ಪುಗಟ್ಟಿ ಮೂತ್ರ ನಿಂತರೆ ಆಸ್ಪತ್ರೆಗೆ ಹೋಗಬೇಕು. ಮಲಬದ್ಧತೆ ಆಗದಂತೆ ನೋಡಿಕೊಳ್ಳುವುದು, ಭಾರ ಎತ್ತದಿರುವುದು, ಕೆಲವು ವಾರ ಸ್ಕೂಟರ್ ಮುಟ್ಟದಿರುವುದು ಕ್ರಮ. ಈ ಭಾಗದ ರಸ್ತೆಗುಂಡಿಗಳನ್ನು ನೋಡಿದರೆ ಆಟೊ ಕೂಡ ಯೋಚಿಸಿ ಹತ್ತಬೇಕು. ಅವಸರದ ಭಾವ, ರಾತ್ರಿ ಏಳುವುದು ಧಾರೆ ಸರಿಯಾದಷ್ಟು ಬೇಗ ಸರಿಯಾಗುವುದಿಲ್ಲ. ವರ್ಷಗಟ್ಟಲೆ ತಿಣುಕಿದ ಮೂತ್ರಕೋಶ ಸುಧಾರಿಸಲು ಕೆಲವು ತಿಂಗಳು ಬೇಕು. ಸಂಜೆಯ ನಂತರ ಫಿಲ್ಟರ್ ಕಾಫಿ, ಸುಲೈಮಾನಿ ಚಹ ಕಡಿಮೆ ಮಾಡಿದರೆ ಸಹಾಯ. ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿದು ಸಡಿಲಿಸುವ ಕೆಗೆಲ್ ವ್ಯಾಯಾಮವನ್ನು ಆಪರೇಷನ್‌ಗೆ ಮುಂಚಿನಿಂದಲೇ ಕಲಿತಿದ್ದರೆ ಸೋರಿಕೆ ಬೇಗ ನಿಲ್ಲುತ್ತದೆ.

ಪ್ರಾಸ್ಟೇಟ್ ತೆಗೆಸಿದ್ದೇನೆ, ಇನ್ನು ಕ್ಯಾನ್ಸರ್ ಭಯವಿಲ್ಲ ಎನ್ನುವವರಿಗೆ ಉತ್ತರ ಮೆಕ್‌ನೀಲ್‌ನ ವಲಯಗಳಲ್ಲೇ ಇದೆ. ಯಾವ ವಿಧಾನದಲ್ಲಿ ಮಾಡಿಸಿದರೂ ಹೊರವಲಯ ಒಳಗೇ ಉಳಿದಿರುತ್ತದೆ. ಹೋಲೆಪ್ ಆದ ಮೇಲೆ ಪಿಎಸ್‌ಎ ತೀರ ಕೆಳಕ್ಕೆ ಇಳಿಯುತ್ತದೆ, ಯುರೋಲಿಫ್ಟ್ ಆದ ಮೇಲೆ ಹೆಚ್ಚೇನೂ ಬದಲಾಗುವುದಿಲ್ಲ. ಮೂರು ತಿಂಗಳಿಂದ ಆರು ತಿಂಗಳೊಳಗೆ ಒಮ್ಮೆ ಮಾಡಿಸಿದ ಪಿಎಸ್‌ಎಯೇ ಆ ವ್ಯಕ್ತಿಗೆ ಹೊಸ ಅಳತೆಗೋಲು. ಮುಂದಿನ ಪರೀಕ್ಷೆಗಳನ್ನು ಅದರೊಂದಿಗೆ ಹೋಲಿಸಿ ಓದುತ್ತಾರೆ. ಹಾಗಾಗಿ ಡಿಸ್ಚಾರ್ಜ್ ಚೀಟಿ, ಮಾಂಸದ ಪರೀಕ್ಷೆಯ ವರದಿ ಮತ್ತು ಆ ಮೊದಲ ಪಿಎಸ್‌ಎಯ ಕಾಗದವನ್ನು ಒಂದೇ ಕಡೆ ಇಟ್ಟುಕೊಂಡಿರಬೇಕು.